ಹಕ್ಕಿ ಎಣಿಸಿದವರು ಕಲಿತದ್ದೆಷ್ಟು? ಪಟ್ಟಿಗಳ ಸಂಖ್ಯೆಯಲ್ಲಿ ಸಿಗದ ಉತ್ತರ

ಪ್ರತಿವರ್ಷ ಫೆಬ್ರುವರಿ ಮಧ್ಯದ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿಗಣತಿ ನಡೆಯುತ್ತದೆ, ಜನಸಾಮಾನ್ಯರು ತಾವು ಕಂಡ ಹಕ್ಕಿಗಳ ಪಟ್ಟಿ ಕಳಿಸುತ್ತಾರೆ. ಅದು ಮುಗಿದ ಬೆನ್ನಿಗೇ ಸುದ್ದಿ ಬರುತ್ತದೆ: ಇಷ್ಟು ಸಾವಿರ ಪಟ್ಟಿಗಳು ಸಲ್ಲಿಕೆಯಾದವು, ಇಷ್ಟು ನೂರು ಪ್ರಭೇದಗಳು ಕಂಡವು, ಇಂಥ ಕಾಲೇಜು ಮುಂದಿದೆ. ಸುದ್ದಿಯ ಕೊನೆಯಲ್ಲಿ ಇನ್ನೊಂದು ಮಾತೂ ಇರುತ್ತದೆ. ವಿದ್ಯಾರ್ಥಿಗಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಯಿತು, ಜನರಲ್ಲಿ ಪರಿಸರದ ಅರಿವು ಹೆಚ್ಚಿತು ಎಂಬುದು ಆ ಮಾತು. ಅದಕ್ಕೆ ಆಧಾರವೇನು ಎಂದು ಹುಡುಕಿದರೆ ಸಿಗುವುದು ಸಾಮಾನ್ಯವಾಗಿ ಮೇಲಿನ ಅಂಕಿಗಳೇ.

ಇದೇ ವಿಷಯದ ಸಂಶೋಧನೆ ಓದಿದವರಿಗೆ ಬೇರೆಯೇ ಮಾತು ಕೇಳಿಸುತ್ತದೆ. ಇಂಥ ಯೋಜನೆಗಳಲ್ಲಿ ಪಾಲ್ಗೊಂಡವರಿಗೆ ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದು ಹೆಚ್ಚೇನೂ ತಿಳಿದಂತೆ ಕಾಣಲಿಲ್ಲ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಹೇಳಿವೆ. ಹಾಗಾದರೆ ಯಾವುದನ್ನು ನಂಬಬೇಕು? ಎರಡರಲ್ಲೂ ನಿಜವಿದೆ. ‘ಕಲಿಕೆ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಟ್ಟಿರುವುದೇ ಈ ಗೊಂದಲಕ್ಕೆ ಕಾರಣ.

ಒಂದು ಕೆಲಸ, ಎರಡು ಗುರಿ

ಈ ಗಣತಿಯನ್ನು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 1998ರಲ್ಲಿ ಆರಂಭಿಸಿದವು. 2013ರಲ್ಲಿ ಅದು ಎಲ್ಲ ದೇಶಗಳಿಗೂ ತೆರೆದುಕೊಂಡಿತು, ಭಾರತವೂ ಆ ವರ್ಷವೇ ಸೇರಿತು. ನಿಯಮ ಸರಳ. ಕನಿಷ್ಠ 15 ನಿಮಿಷ ಹಕ್ಕಿಗಳನ್ನು ಗಮನಿಸಿ, ಯಾವುವು ಎಷ್ಟೆಷ್ಟು ಎಂದು ಬರೆದು, ಹಕ್ಕಿ ದಾಖಲೆಗಳ ಆನ್‌ಲೈನ್ ತಾಣವಾದ ಇ-ಬರ್ಡ್‌ಗೆ ಪಟ್ಟಿ ಸೇರಿಸಬೇಕು. ಇಲ್ಲಿ ಬರ್ಡ್ ಕೌಂಟ್ ಇಂಡಿಯಾ ಎಂಬ ಬಳಗ ಇದನ್ನು ನಡೆಸಿಕೊಡುತ್ತದೆ. ಶಾಲಾ ಕಾಲೇಜುಗಳ ಆವರಣಕ್ಕೆಂದೇ ಕ್ಯಾಂಪಸ್ ಬರ್ಡ್ ಕೌಂಟ್ ಇದೆ.

ಪಟ್ಟಿಗಳು ವಿಜ್ಞಾನಕ್ಕೆ ನೆರವಾಗಿವೆ ಎಂಬುದರಲ್ಲಿ ಅನುಮಾನವಿಲ್ಲ. 2023ರ ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ ವರದಿ 30 ಸಾವಿರಕ್ಕೂ ಹೆಚ್ಚು ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳನ್ನು ಬಳಸಿ 942 ಪ್ರಭೇದಗಳ ಸ್ಥಿತಿ ಹೇಳಿತು. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗಿದೆ ಎಂಬ ಆತಂಕದ ಸಂಗತಿಗೆ ಗಟ್ಟಿ ಆಧಾರ ಸಿಕ್ಕಿದ್ದೂ ಇಂಥ ಪಟ್ಟಿಗಳಿಂದ.

ಆದರೆ ಜನಸಾಮಾನ್ಯರೇ ಹೀಗೆ ವಿಜ್ಞಾನಕ್ಕೆ ದತ್ತಾಂಶ ಕೂಡಿಸುವ ನಾಗರಿಕ ವಿಜ್ಞಾನ (ಸಿಟಿಜನ್ ಸೈನ್ಸ್ ಎಂದೇ ಹೆಚ್ಚು ಬಳಕೆ) ಹೊತ್ತಿರುವ ಭರವಸೆ ಎರಡು: ದತ್ತಾಂಶ ಸಿಗುತ್ತದೆ, ಪಾಲ್ಗೊಂಡವರು ಕಲಿಯುತ್ತಾರೆ. ಮೊದಲನೆಯದು ಈಡೇರಿತು ಎಂದ ಮಾತ್ರಕ್ಕೆ ಎರಡನೆಯದೂ ಈಡೇರಿದಂತಾಗುವುದಿಲ್ಲ.

ಪಟ್ಟಿಗಳ ಸಂಖ್ಯೆ ಏನನ್ನು ಅಳೆಯುತ್ತದೆ

ಹತ್ತು ವಿದ್ಯಾರ್ಥಿಗಳು ಒಬ್ಬ ಅನುಭವಿಯ ಜೊತೆ ಕೆರೆ ಏರಿ ಮೇಲೆ ನಡೆದರು ಎಂದುಕೊಳ್ಳಿ. ಹಕ್ಕಿಗಳನ್ನು ಗುರುತಿಸಿದ್ದು ಆ ಅನುಭವಿ. ಅವರು ಬರೆದ ಪಟ್ಟಿಯನ್ನು ಇ-ಬರ್ಡ್‌ನಲ್ಲಿ ಉಳಿದ ಹತ್ತು ಮಂದಿಗೆ ಹಂಚಬಹುದು. ಇದು ನಿಯಮಬದ್ಧವೇ, ಒಟ್ಟಿಗೆ ನಡೆದವರು ಹೀಗೇ ಮಾಡಬೇಕು. ಈಗ ಹನ್ನೊಂದು ಖಾತೆಗಳಲ್ಲಿ ಹನ್ನೊಂದು ಪಟ್ಟಿಗಳಿವೆ, ಹತ್ತು ಹೊಸಬರ ಹೆಸರಿನಲ್ಲೂ 45 ಪ್ರಭೇದಗಳು. ವಿಜ್ಞಾನಿಗಳು ವಿಶ್ಲೇಷಣೆಗೆ ಕೂತಾಗ ಈ ಹನ್ನೊಂದನ್ನೂ ಒಂದೇ ವೀಕ್ಷಣೆ ಎಂದು ಮಡಚಿಬಿಡುತ್ತಾರೆ. ಸುದ್ದಿಯಲ್ಲಿ ಮಾತ್ರ ಅವು ಹನ್ನೊಂದಾಗಿಯೇ ಉಳಿಯಬಹುದು. ಆ ಹತ್ತು ಮಂದಿಯಲ್ಲಿ ಒಬ್ಬರಾದರೂ ಮರುದಿನ ಒಂಟಿಯಾಗಿ ಹೋಗಿ ಐದು ಹಕ್ಕಿ ಗುರುತಿಸಬಲ್ಲರೇ ಎಂಬುದಕ್ಕೆ ಈ ಅಂಕಿಯಲ್ಲಿ ಉತ್ತರವಿಲ್ಲ.

ಇನ್ನೊಂದು ತೊಡಕು ಯಾರು ಎಷ್ಟು ದುಡಿದರು ಎಂಬುದರದು. ಜನಸಾಮಾನ್ಯರು ಸಂಶೋಧನೆಗೆ ನೆರವಾಗುವ ಝೂನಿವರ್ಸ್ ಎಂಬ ಆನ್‌ಲೈನ್ ತಾಣದ ಏಳು ಯೋಜನೆಗಳನ್ನು ಪರಿಶೀಲಿಸಿದ 2015ರ ಅಧ್ಯಯನದ ಪ್ರಕಾರ, ಹೆಚ್ಚು ದುಡಿದ ಶೇ 10ರಷ್ಟು ಜನರೇ ಒಟ್ಟು ಕೆಲಸದ ಸುಮಾರು ಶೇ 80ರಷ್ಟನ್ನು ಮಾಡಿದ್ದರು. ಬಹುಪಾಲು ಜನ ಒಮ್ಮೆ ಬಂದು ಮತ್ತೆ ಬರಲಿಲ್ಲ. ಸಾವಿರ ಜನ ಪಾಲ್ಗೊಂಡರು ಎಂದಾಗ ಅದರಲ್ಲಿ ಹದಿನೈದು ನಿಮಿಷದವರೂ ಇದ್ದಾರೆ, ವರ್ಷಪೂರ್ತಿಯವರೂ ಇದ್ದಾರೆ. ಇವರಿಬ್ಬರ ಕಲಿಕೆಗೆ ಒಂದು ಸರಾಸರಿ ಹಾಕಿದರೆ ಅದು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಅಧ್ಯಯನಗಳು ಕಂಡುಕೊಂಡದ್ದು

ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವುದು ಕಾರ್ನೆಲ್‌ನದೇ ಗೂಡುಪೆಟ್ಟಿಗೆ ಯೋಜನೆಯ ಮೌಲ್ಯಮಾಪನ. 2005ರಲ್ಲಿ ಪ್ರಕಟವಾಯಿತು. ಸ್ವಯಂಸೇವಕರು ತಮ್ಮ ಹಿತ್ತಲಿನಲ್ಲಿ ಗೂಡುಪೆಟ್ಟಿಗೆ ಇಟ್ಟು ಮೊಟ್ಟೆ, ಮರಿಗಳ ದಾಖಲೆ ಇಡುತ್ತಿದ್ದರು. ಹಕ್ಕಿಗಳ ಜೀವನಕ್ರಮದ ಬಗ್ಗೆ ಅವರ ತಿಳಿವಳಿಕೆ ಹೆಚ್ಚಿತ್ತು. ವಿಜ್ಞಾನದ ಬಗೆಗಿನ ಧೋರಣೆ, ಪರಿಸರದ ಬಗೆಗಿನ ಧೋರಣೆ, ವೈಜ್ಞಾನಿಕ ವಿಧಾನದ ಅರಿವು ಈ ಮೂರರಲ್ಲೂ ಗಣನೀಯ ಬದಲಾವಣೆ ಕಾಣಲಿಲ್ಲ.

2011ರಲ್ಲಿ ಕಳೆ ಸಸ್ಯಗಳನ್ನು ಗುರುತಿಸುವ ಇನ್ನೊಂದು ಯೋಜನೆಯ ಫಲಿತಾಂಶ ಬಂತು. ತರಬೇತಿಯೂ ಸೇರಿದ ಮೂರು ದಿನದ ಕಾರ್ಯಕ್ರಮದಲ್ಲಿ ಪಾಲ್ಗೊಂಡವರಿಗೆ ಆಕ್ರಮಣಕಾರಿ ಸಸ್ಯಗಳ ಜ್ಞಾನ ಸರಾಸರಿ ಶೇ 24ರಷ್ಟು ಏರಿತ್ತು, ಸಂಶೋಧನೆ ಹೇಗೆ ನಡೆಯುತ್ತದೆ ಎಂಬ ಅರಿವು ಏರಿರಲಿಲ್ಲ. ಅದೇ ಬಗೆಯ ಸಸ್ಯಗಳ ಮೇಲೆ ಕೆಲಸ ಮಾಡಿದ 2013ರ ಮತ್ತೊಂದು ಅಧ್ಯಯನ ಒಂದು ಮುಖ್ಯ ತಿದ್ದುಪಡಿ ತಂದಿತು. ಎಲ್ಲ ಯೋಜನೆಗೂ ಹೊಂದುವ ಸಾಮಾನ್ಯ ಪ್ರಶ್ನಾವಳಿ ಬಳಸಿದಾಗ ಬದಲಾವಣೆ ಕಾಣಲಿಲ್ಲ, ಮಾಡಿದ ಕೆಲಸಕ್ಕೇ ಹೊಂದಿಸಿ ಬರೆದ ಪ್ರಶ್ನೆಗಳಲ್ಲಿ ಸುಧಾರಣೆ ಕಂಡಿತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಹೆಸರು, ಲಕ್ಷಣ, ಆಹಾರ, ಗೂಡಿನಂಥ ವಿಷಯಜ್ಞಾನ ಕೆಲಸದ ಜೊತೆ ತಾನಾಗಿ ಬರುತ್ತದೆ. ವಿಧಾನದ ಅರಿವು ಹಾಗೆ ಬರುವುದಿಲ್ಲ, ಬಂದಿದ್ದರೂ ಒರಟು ಅಳತೆಗೋಲಿಗೆ ಸಿಗುವುದಿಲ್ಲ. ಧೋರಣೆಯ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಬೆಳಗ್ಗೆ ಆರಕ್ಕೆ ಎದ್ದು ಹಕ್ಕಿ ನೋಡಲು ಬರುವವರಿಗೆ ಪರಿಸರದ ಮೇಲೆ ಪ್ರೀತಿ ಮೊದಲೇ ಇರುತ್ತದೆ. ಐದಕ್ಕೆ ನಾಲ್ಕೂವರೆ ಅಂಕದಿಂದ ಹೊರಟವರು ಇನ್ನೆಷ್ಟು ಏರಬಲ್ಲರು?

ಒಂದು ಗುರುತಿನಲ್ಲಿ ಅಡಗಿರುವ ಪಾಠ

ಇ-ಬರ್ಡ್ ಪಟ್ಟಿ ಮುಗಿಸುವಾಗ ಒಂದು ಪ್ರಶ್ನೆ ಬರುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಇಲ್ಲಿ ಬರೆದಿದ್ದೀರಾ? ಹೌದು ಎಂದರೆ ಅದು ಪೂರ್ಣ ಪಟ್ಟಿ. ಹೊಸಬರು ಇದನ್ನು ಔಪಚಾರಿಕ ಪ್ರಶ್ನೆ ಎಂದುಕೊಂಡು ಒತ್ತಿ ಮುಂದೆ ಹೋಗುತ್ತಾರೆ. ವಿಜ್ಞಾನದ ತಿರುಳು ಇರುವುದು ಅಲ್ಲೇ.

ಒಂದು ಪ್ರಭೇದ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ಹೇಳಲು, ನೂರು ಪೂರ್ಣ ಪಟ್ಟಿಗಳಲ್ಲಿ ಅದು ಎಷ್ಟರಲ್ಲಿ ಕಂಡಿದೆ ಎಂದು ನೋಡುತ್ತಾರೆ. ಪೂರ್ಣ ಪಟ್ಟಿಯಲ್ಲಿ ಗೊರವಂಕ ಇಲ್ಲ ಎಂದರೆ ಆ ವೀಕ್ಷಕರಿಗೆ ಗೊರವಂಕ ಕಾಣಲಿಲ್ಲ ಎಂದೇ ಅರ್ಥ. ವಿದ್ಯಾರ್ಥಿಯೊಬ್ಬ ‘ಕಾಗೆ, ಗೊರವಂಕ ಎಲ್ಲರಿಗೂ ಗೊತ್ತಿರುವುದೇ’ ಎಂದು ಬಿಟ್ಟು, ಮಿಂಚುಳ್ಳಿ, ನೀಲಕಂಠ, ಕಾಜಾಣ ಮಾತ್ರ ಬರೆದು ‘ಪೂರ್ಣ’ ಎಂದು ಒತ್ತಿದರೆ, ಆ ಆವರಣದಲ್ಲಿ ಕಾಗೆ ಕಾಣಲಿಲ್ಲ ಎಂಬ ತಪ್ಪು ಸಾಕ್ಷ್ಯ ದಾಖಲಾಗುತ್ತದೆ. ಹಕ್ಕಿಗಳ ಹೆಸರು ಚೆನ್ನಾಗಿ ಬಲ್ಲವನೂ ಈ ತಪ್ಪು ಮಾಡಬಲ್ಲ. ಹಾಗಾಗಿ ವಿಷಯಜ್ಞಾನಕ್ಕೂ ವಿಧಾನದ ಅರಿವಿಗೂ ಬೇರೆ ಬೇರೆ ಪರೀಕ್ಷೆ ಬೇಕು.

ಮೂರು ನಿಲುವುಗಳು

ದತ್ತಾಂಶವೇ ಮುಖ್ಯ ಎನ್ನುವವರ ವಾದ ಹೀಗಿದೆ: ಜನ ಸಂತೋಷಕ್ಕೆ ಬರುತ್ತಾರೆ, ಪರೀಕ್ಷೆ ಇಟ್ಟರೆ ಓಡಿಹೋಗುತ್ತಾರೆ. ಹದಿನೈದು ನಿಮಿಷ ಕೊಡಲು ಬಂದವರ ಕೈಗೆ ನಲವತ್ತು ಪ್ರಶ್ನೆಗಳ ಫಾರಂ ಕೊಡುವುದು ತಪ್ಪು. ಈ ಮಾತಿನಲ್ಲಿ ಹುರುಳಿದೆ.

ಹಣ ಕೊಡುವವರು ಮತ್ತು ಶಿಕ್ಷಣ ಸಂಸ್ಥೆಗಳು ಕೇಳುವುದು ಬೇರೆ. ‘ಕಲಿಕೆ’ ಎಂಬ ಹೆಸರಿನಲ್ಲಿ ಸಮಯ, ಅನುದಾನ ಕೊಟ್ಟ ಮೇಲೆ ಕಲಿಕೆಯ ಪುರಾವೆ ಬೇಕು. ಮೂರನೆಯ ಗುಂಪು ಇನ್ನೂ ಮುಂದೆ ಹೋಗಿ, ಕಲಿಕೆಯಿಲ್ಲದಿದ್ದರೆ ಇದು ಸಂಬಳವಿಲ್ಲದ ದುಡಿಮೆ ಎನ್ನುತ್ತದೆ. ತಾವಾಗಿ ಬಂದ ಹವ್ಯಾಸಿಗಳಿಗೆ ಈ ಆಕ್ಷೇಪ ಅಷ್ಟಾಗಿ ಹೊಂದದು. ಹಾಜರಾತಿ ಇದೆ ಎಂದು ಕರೆತಂದ ವಿದ್ಯಾರ್ಥಿಗಳಿಗೆ ಪೂರ್ತಿ ಹೊಂದುತ್ತದೆ.

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2018ರಲ್ಲಿ ಈ ಬಗ್ಗೆಯೇ ಒಂದು ವರದಿ ತಂದವು. ಕಲಿಕೆ ಬೇಕಾದರೆ ಯೋಜನೆಯನ್ನು ಕಲಿಕೆಗೆಂದೇ ರೂಪಿಸಬೇಕು ಎಂಬುದು ಅದರ ಮುಖ್ಯ ತೀರ್ಮಾನ. ಈ ತೀರ್ಮಾನ ಸರಿ, ಮತ್ತು ಅದರ ಮುಂದಿನ ಹೆಜ್ಜೆಯೇ ಮೌಲ್ಯಮಾಪನ: ರೂಪಿಸಿದ್ದು ಫಲ ಕೊಟ್ಟಿತೇ ಎಂದು ನೋಡುವುದು.

ಅಳೆಯುವುದು ಹೇಗೆ

ಮೊದಲು ಏನನ್ನು ಅಳೆಯಬೇಕು ಎಂದು ಗೊತ್ತುಮಾಡಿಕೊಳ್ಳಬೇಕು. ಕಾರ್ನೆಲ್ ತಂಡ 2014ರಲ್ಲಿ ಹೊರತಂದ ಕೈಪಿಡಿ ಆಸಕ್ತಿ, ಮಾಡಬಲ್ಲೆನೆಂಬ ವಿಶ್ವಾಸ, ಪ್ರೇರಣೆ, ಜ್ಞಾನ, ಕೌಶಲ, ನಡವಳಿಕೆ ಎಂದು ಕಲಿಕೆಯನ್ನು ಬಿಡಿಸುತ್ತದೆ. ಕಾಲೇಜಿನ ನಾಲ್ಕು ದಿನದ ಗಣತಿಗೆ ಇವೆಲ್ಲವೂ ಬೇಡ. ಗುರುತಿಸುವ ಕೌಶಲ ಮತ್ತು ವಿಧಾನದ ಅರಿವು, ಇವೆರಡನ್ನು ಹಿಡಿದರೆ ಸಾಕು.

ಗುರುತಿಸುವ ಪರೀಕ್ಷೆಗೆ 20 ಚಿತ್ರಗಳು ಸಾಕಾಗುತ್ತವೆ. ಆವರಣದಲ್ಲಿ ದಿನವೂ ಕಾಣುವ 12, ಗೊಂದಲ ಹುಟ್ಟಿಸುವ 5, ಆ ಊರಿನಲ್ಲಿ ಇರಲಾರದ 3. ಗೊಂದಲದ ಚಿತ್ರಗಳಿಗೆ ಬಿಳಿ ಕೊಕ್ಕರೆಗಳ ಗುಂಪು ಹೇಳಿ ಮಾಡಿಸಿದಂತಿದೆ. ಫೆಬ್ರುವರಿಯಲ್ಲಿ ಗೋವಕ್ಕಿಯ ತಲೆ, ಕತ್ತಿನ ಕಿತ್ತಳೆ ಬಣ್ಣ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಅದೂ ಸಣ್ಣ ಬೆಳ್ಳಕ್ಕಿಯೂ ದೂರಕ್ಕೆ ಒಂದೇ ರೀತಿ ಕಾಣುತ್ತವೆ. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಹಳದಿ. ಗೋವಕ್ಕಿಯ ಕೊಕ್ಕು ಗಿಡ್ಡ, ಹಳದಿ. ಬಣ್ಣ ಬಿಟ್ಟು ಕೊಕ್ಕು ಮತ್ತು ಕಾಲು ನೋಡಲು ಕಲಿತವರು ಯಾರು ಎಂಬುದು ಈ ಒಂದು ಜೋಡಿಯಲ್ಲೇ ಬಯಲಾಗುತ್ತದೆ.

ನಾಲ್ಕು ಆಯ್ಕೆ ಕೊಟ್ಟರೆ ಕಣ್ಣು ಮುಚ್ಚಿ ಗುರುತು ಹಾಕಿದವರಿಗೂ 20ಕ್ಕೆ ಸರಾಸರಿ 5 ಸಿಗುತ್ತದೆ. ಅದಕ್ಕೆ ‘ಗೊತ್ತಿಲ್ಲ’ ಎಂಬ ಐದನೆಯ ಆಯ್ಕೆ ಇರಲಿ, ಅದನ್ನು ಆರಿಸಿದವರಿಗೆ ಅಂಕ ಕಡಿತ ಬೇಡ. ಹೆಸರನ್ನು ಬರೆಸುವುದಾದರೆ ಆ ಊರಿನ ಹೆಸರನ್ನೂ ಸರಿ ಎಂದೇ ಒಪ್ಪಬೇಕು. ಇಂಗ್ಲಿಷ್ ಹೆಸರನ್ನೇ ಕೇಳಿದರೆ ಅಳೆದದ್ದು ಇಂಗ್ಲಿಷ್ ಆಗುತ್ತದೆ. ಮೊದಲು ಮತ್ತು ನಂತರ ಒಂದೇ ಚಿತ್ರ ಬಳಸಿದರೆ ಚಿತ್ರ ನೆನಪಿರುತ್ತದೆ, ಹಕ್ಕಿಯಲ್ಲ. ‘ಅ’ ಮತ್ತು ‘ಆ’ ಎಂದು ಎರಡು ಸೆಟ್ ಮಾಡಿ ಅರ್ಧ ತರಗತಿಗೆ ಒಂದನ್ನು ಮೊದಲು, ಉಳಿದರ್ಧಕ್ಕೆ ಇನ್ನೊಂದನ್ನು ಮೊದಲು ಕೊಡಬೇಕು. ಒಂದು ಸೆಟ್ ಇನ್ನೊಂದಕ್ಕಿಂತ ಸುಲಭವಾಗಿದ್ದರೂ ಆಗ ಲೆಕ್ಕ ಕೆಡುವುದಿಲ್ಲ.

ವಿಧಾನದ ಅರಿವಿಗೆ ಆಯ್ಕೆಯ ಪ್ರಶ್ನೆ ಬೇಡ. ಮೇಲೆ ಹೇಳಿದ ಕಾಗೆ ಬಿಟ್ಟ ಪಟ್ಟಿಯನ್ನೇ ಮುಂದಿಟ್ಟು, ‘ಈ ಪಟ್ಟಿಯಲ್ಲಿ ತೊಂದರೆ ಇದೆಯೇ, ಯಾಕೆ?’ ಎಂದು ನಾಲ್ಕು ಸಾಲು ಬರೆಸಬೇಕು. ‘ಕಾಗೆ ಬಿಟ್ಟರೆ ನಷ್ಟವಿಲ್ಲ’ ಎಂದವರಿಗೆ 0. ‘ಎಲ್ಲ ಬರೆಯಬೇಕೆಂದು ಸರ್ ಹೇಳಿದ್ದಾರೆ’ ಎಂದರೆ 1, ನಿಯಮ ಗೊತ್ತು, ಕಾರಣ ಗೊತ್ತಿಲ್ಲ. ‘ಕಾಗೆ ಇರಲಿಲ್ಲ ಎಂದಾಗುತ್ತದೆ’ ಎಂದರೆ 2. ‘ಹೀಗೆ ತುಂಬ ಜನ ಬಿಟ್ಟರೆ ಕಾಗೆ ಕಡಿಮೆಯಾಗಿದೆ ಎಂಬ ತಪ್ಪು ತೀರ್ಮಾನ ಬರುತ್ತದೆ, ಅಪೂರ್ಣ ಎಂದು ಗುರುತು ಹಾಕಬೇಕಿತ್ತು’ ಎಂದರೆ 3. ಉತ್ತರಗಳನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಬೇಕು. ಗಣತಿಗೆ ಮೊದಲು ಬರೆದದ್ದೋ ನಂತರದ್ದೋ ಎಂಬುದು ತಿದ್ದುವವರಿಗೆ ತಿಳಿಯಬಾರದು. ತಿಳಿದರೆ ನಂತರದ ಉತ್ತರಗಳಿಗೆ ಕೈ ಸಡಿಲವಾಗುತ್ತದೆ.

ಲೆಕ್ಕ ತಪ್ಪುವ ಜಾಗಗಳು

ಅತಿ ಸಾಮಾನ್ಯ ತಪ್ಪು ಉಳಿದವರನ್ನು ಮಾತ್ರ ನೋಡುವುದು. 100 ಮಂದಿ ಮೊದಲ ಪರೀಕ್ಷೆ ಬರೆದರು, ಸರಾಸರಿ 8 ಎಂದುಕೊಳ್ಳೋಣ. ಗಣತಿಯ ನಂತರ 40 ಮಂದಿ ಬರೆದರು, ಸರಾಸರಿ 12. ವರದಿಯಲ್ಲಿ ‘ಶೇ 50 ಸುಧಾರಣೆ’ ಎಂದು ಬರುತ್ತದೆ. ಆ 40 ಮಂದಿಯ ಹಳೆಯ ಹಾಳೆ ತೆಗೆದು ನೋಡಿದರೆ ಅವರ ಮೊದಲ ಸರಾಸರಿಯೇ 11 ಇರಬಹುದು, ಬಿಟ್ಟುಹೋದ 60 ಮಂದಿಯದು 6. ಆಗ ನಿಜವಾದ ಗಳಿಕೆ 1 ಅಂಕ. ಬಲ್ಲವರು ಉಳಿದರು, ಕಲಿಯಬೇಕಾದವರು ಹೊರಟುಹೋದರು. ಇದನ್ನು ತಪ್ಪಿಸಲು ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ಅವರವರ ಎರಡು ಅಂಕಗಳನ್ನೇ ಹೋಲಿಸಬೇಕು. ಸಂಕೇತ ಸಂಖ್ಯೆಯಿಂದ ವಿದ್ಯಾರ್ಥಿಗಳ ಹೆಸರೂ ಗುಟ್ಟಾಗಿ ಉಳಿಯುತ್ತದೆ.

ಎರಡನೆಯದು ಸ್ವಂತ ಅಂದಾಜಿನ ಮೋಸ. ‘ನಿಮಗೆ ಹಕ್ಕಿಗಳು ಎಷ್ಟು ಗೊತ್ತು, ಐದಕ್ಕೆ ಅಂಕ ಕೊಟ್ಟುಕೊಳ್ಳಿ’ ಎಂದರೆ ಗಣತಿಗೆ ಮೊದಲು ಅನೇಕರು ನಾಲ್ಕು ಕೊಟ್ಟುಕೊಳ್ಳುತ್ತಾರೆ. ಆವರಣದಲ್ಲೇ ಐವತ್ತು ಬಗೆ ಇವೆ ಎಂದು ತಿಳಿದ ಮೇಲೆ ಅದೇ ಜನ ಮೂರಕ್ಕೆ ಇಳಿಯುತ್ತಾರೆ. ಕಲಿತವರು, ಅಂಕಿಯ ಪ್ರಕಾರ ಮಾತ್ರ ಹಿಂದೆ ಸರಿದರು. ಗಣತಿ ಮುಗಿದ ಮೇಲೆ ‘ಈಗ ಎಷ್ಟು, ಹಿಂತಿರುಗಿ ನೋಡಿದರೆ ಮೊದಲು ಎಷ್ಟಿತ್ತು’ ಎಂದು ಎರಡನ್ನೂ ಒಟ್ಟಿಗೆ ಕೇಳುವುದು ಇದಕ್ಕೆ ರೂಢಿಯ ಪರಿಹಾರ. ಆದರೆ ಅಲ್ಲಿ ಆಯೋಜಕರನ್ನು ಮೆಚ್ಚಿಸುವ ಉತ್ತರ ಬರುವ ಅಪಾಯವಿದೆ, ಆದ್ದರಿಂದ ಚಿತ್ರಪರೀಕ್ಷೆಯ ಜೊತೆಗೇ ಇದನ್ನು ಬಳಸಬೇಕು.

ಮೂರನೆಯದು ಹೋಲಿಕೆಯ ಗುಂಪು ಇಲ್ಲದಿರುವುದು. ಅದೇ ತಿಂಗಳಲ್ಲಿ ಪ್ರಾಣಿಶಾಸ್ತ್ರದ ಪಾಠದಲ್ಲಿ ಹಕ್ಕಿಗಳ ಅಧ್ಯಾಯ ನಡೆದಿದ್ದರೆ ಗಳಿಕೆ ಯಾವುದರದು? ಒಂದು ಸೆಕ್ಷನ್ ಫೆಬ್ರುವರಿಯಲ್ಲಿ ಪಾಲ್ಗೊಳ್ಳಲಿ, ಇನ್ನೊಂದು ಇ-ಬರ್ಡ್‌ನ ಅಕ್ಟೋಬರ್ ಬಿಗ್ ಡೇ ಎಂಬ ಒಂದು ದಿನದ ಗಣತಿಗೆ ಕಾಯಲಿ. ಫೆಬ್ರುವರಿಯಲ್ಲಿ ಎರಡೂ ಸೆಕ್ಷನ್‌ಗಳು ಪರೀಕ್ಷೆ ಬರೆದರೆ ಹೋಲಿಕೆ ಸಿಗುತ್ತದೆ, ಯಾರಿಗೂ ಅವಕಾಶ ತಪ್ಪುವುದಿಲ್ಲ. ಗಣತಿ ಮುಗಿದ ಮರುದಿನ ಅಳೆದು ನಿಲ್ಲಿಸದೆ, ಮೂರು ತಿಂಗಳ ನಂತರ ಮತ್ತೊಮ್ಮೆ ಅಳೆಯಬೇಕು. ಉಳಿದ ಕಲಿಕೆ ಅಲ್ಲಿ ಕಾಣುತ್ತದೆ.

ಗುರುತಿಸಿದ್ದು ಯಾರು, ಆ್ಯಪ್ ಅಥವಾ ಮನುಷ್ಯ?

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಕಾರ್ನೆಲ್‌ನ ಮರ್ಲಿನ್ ಆ್ಯಪ್ ಚಿತ್ರ ನೋಡಿ ಹೆಸರು ಸೂಚಿಸುತ್ತದೆ, 2021ರಿಂದ ಧ್ವನಿ ಕೇಳಿಯೂ ಸೂಚಿಸುತ್ತಿದೆ. ಹೊಸಬರಿಗೆ ಇದು ದೊಡ್ಡ ನೆರವು. ಆದರೆ ಕಳೆದ ವರ್ಷ 15 ಪ್ರಭೇದ ಬರೆದ ವಿದ್ಯಾರ್ಥಿನಿ ಈ ವರ್ಷ 28 ಬರೆದರೆ, ಬೆಳೆದದ್ದು ಅವಳ ಕಿವಿಯೋ ಫೋನಿನ ಶಕ್ತಿಯೋ ಎಂದು ಪಟ್ಟಿಯಿಂದ ಹೇಳಲಾಗದು.

ಫೋನ್ ನಿಷೇಧಿಸುವುದು ದಾರಿಯಲ್ಲ. ಫೋನ್ ಇಲ್ಲದೆ ಒಮ್ಮೆ, ಫೋನ್ ಜೊತೆ ಒಮ್ಮೆ ಪರೀಕ್ಷಿಸಬೇಕು. ಎರಡನೆಯದರಲ್ಲಿ ನೋಡಬೇಕಾದದ್ದು ಆ್ಯಪ್‌ನ ಸಲಹೆಯನ್ನು ಯಾವಾಗ ತಿರಸ್ಕರಿಸುತ್ತಾರೆ ಎಂಬುದನ್ನು. ಪಶ್ಚಿಮ ಘಟ್ಟದ ಕಾಡಿನಲ್ಲಿ ಉದ್ದ ಬಾಲದ ಗರಿಗಳ ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ಆ್ಯಪ್ ಆ ಬೇರೆ ಹಕ್ಕಿಯ ಹೆಸರು ತೋರಿಸಿದಾಗ, ‘ಕಣ್ಣಾರೆ ನೋಡುವವರೆಗೆ ಬರೆಯುವುದಿಲ್ಲ’ ಎನ್ನುವವರು ಕಲಿತವರು.

ಕಲಿಕೆ ದತ್ತಾಂಶವನ್ನೂ ಬದಲಿಸುತ್ತದೆ

ಕಲಿಕೆಯನ್ನು ಅಳೆಯುವುದು ಶಿಕ್ಷಣದವರ ತಲೆನೋವು, ವಿಜ್ಞಾನಿಗಳದ್ದಲ್ಲ ಎಂಬ ನಿಲುವು ಇಲ್ಲಿ ಬಿದ್ದುಹೋಗುತ್ತದೆ. ಉತ್ತರ ಅಮೆರಿಕದ ಬ್ರೀಡಿಂಗ್ ಬರ್ಡ್ ಸರ್ವೆ ಎಂಬ ಹಕ್ಕಿಗಣತಿ 1966ರಿಂದ ನಡೆಯುತ್ತಿದೆ. ಒಂದು ರಸ್ತೆ ಮಾರ್ಗದಲ್ಲಿ 50 ನಿಲುಗಡೆ, ಪ್ರತಿಯೊಂದರಲ್ಲಿ 3 ನಿಮಿಷ. ಹೊಸ ವೀಕ್ಷಕರು ತಮ್ಮ ಮಾರ್ಗದ ಮೊದಲ ವರ್ಷದಲ್ಲಿ ಕಡಿಮೆ ಹಕ್ಕಿಗಳನ್ನು ದಾಖಲಿಸುತ್ತಾರೆ ಎಂದು 1990ರ ದಶಕದಲ್ಲೇ ವಿಶ್ಲೇಷಕರು ತೋರಿಸಿದರು. ಎರಡನೇ ವರ್ಷ ಸಂಖ್ಯೆ ಏರಿದರೆ ಅದು ಹಕ್ಕಿಗಳ ಏರಿಕೆಯಾಗಿರಬೇಕಿಲ್ಲ, ಕಣ್ಣು ಕಿವಿ ಪಳಗಿದ್ದರಿಂದಲೂ ಏರುತ್ತದೆ. ಅದಕ್ಕಾಗಿ ಲೆಕ್ಕದಲ್ಲೇ ಮೊದಲ ವರ್ಷವನ್ನು ಪ್ರತ್ಯೇಕವಾಗಿ ಪರಿಗಣಿಸುತ್ತಾರೆ. ಇ-ಬರ್ಡ್‌ನಲ್ಲೂ ಸಮಯ ಹೆಚ್ಚಿದಂತೆ ಒಬ್ಬರ ಪಟ್ಟಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದರಿಂದ ವೀಕ್ಷಕರ ಪರಿಣತಿ ಅಂದಾಜಿಸುವ ವಿಧಾನವನ್ನು 2015ರಲ್ಲಿ ಪ್ರಕಟಿಸಲಾಯಿತು.

ಭಾರತದಲ್ಲಿ ವೀಕ್ಷಕರ ಸಂಖ್ಯೆ ವೇಗವಾಗಿ ಏರುತ್ತಿದೆ, ಅಂದರೆ ಹೊಸಬರ ಪಾಲು ದೊಡ್ಡದು. ಉಲಿಯಕ್ಕಿಗಳಂಥ ಗುರುತಿಸಲು ಕಷ್ಟದ ಸಣ್ಣ ಹಕ್ಕಿಗಳು ಹೊಸಬರ ಪಟ್ಟಿಯಿಂದ ತಪ್ಪಿಹೋದರೆ ಅವು ಕಡಿಮೆಯಾದಂತೆ ಕಾಣಬಹುದು. ಆ್ಯಪ್ ಕೈಗೆ ಬಂದ ವರ್ಷ ಅವೇ ಹೆಚ್ಚಾದಂತೆ ಕಾಣಬಹುದು.

ಮುಂದೆ ಏನಾಗಬಹುದು

ಕಾಲೇಜುಗಳನ್ನು ಪಟ್ಟಿಗಳ ಸಂಖ್ಯೆಯಿಂದಲೇ ಹೊಗಳುತ್ತಾ ಹೋದರೆ ಕಾಲೇಜುಗಳು ಪಟ್ಟಿಗಳನ್ನೇ ಹೆಚ್ಚಿಸುತ್ತವೆ. ಒಂದು ಗಂಟೆಯ ನಡಿಗೆ ನಾಲ್ಕು ತುಂಡಾಗುತ್ತದೆ, ಪಟ್ಟಿ ಹಂಚಿಕೆ ಹಾಜರಾತಿಯಾಗುತ್ತದೆ, ಒಬ್ಬ ಉಪನ್ಯಾಸಕರ ಪರಿಣತಿ ನಲವತ್ತು ಖಾತೆಗಳಲ್ಲಿ ಕೂರುತ್ತದೆ. ಕಲಿಕೆಯ ಅಂಕವನ್ನೇ ಅನುದಾನಕ್ಕೆ ಕಟ್ಟಿದರೂ ಅಪಾಯ ತಪ್ಪಿದ್ದಲ್ಲ: ಹೇಗೂ ಹೆಚ್ಚು ಅಂಕ ತೆಗೆಯುವವರನ್ನೇ ಆರಿಸಿ ಗಣತಿಗೆ ಕರೆತರುವುದು ಶುರುವಾಗುತ್ತದೆ. ಅದಕ್ಕೆ ಈ ಪರೀಕ್ಷೆಗಳು ವಿದ್ಯಾರ್ಥಿಗೆ ಅಂಕವಾಗಿಯೂ ಕಾಲೇಜಿಗೆ ರ‍್ಯಾಂಕ್ ಆಗಿಯೂ ಬಳಕೆಯಾಗದೆ, ಮುಂದಿನ ತರಬೇತಿಯನ್ನು ತಿದ್ದಿಕೊಳ್ಳಲು ಮಾತ್ರ ಬಳಕೆಯಾಗಬೇಕು. 18 ವರ್ಷದೊಳಗಿನವರಾದರೆ ಪೋಷಕರ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು, 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನೇ ಹೇಳುತ್ತದೆ.

ಸಮಯವಿಲ್ಲದ ಸಂಸ್ಥೆಗೆ ಕನಿಷ್ಠ ಇಷ್ಟು ಸಾಧ್ಯ. ಗಣತಿಗೆ ಒಂದು ವಾರ ಮೊದಲು 20 ಚಿತ್ರ ಮತ್ತು ಕಾಗೆಯ ಪ್ರಶ್ನೆ, ಅರ್ಧ ಗಂಟೆ. ಗಣತಿಯ ಬೆಳಗ್ಗೆ ಪೂರ್ಣ ಪಟ್ಟಿ ಎಂದರೇನು ಎಂದು ಒಂದು ತಪ್ಪು ಪಟ್ಟಿ ತೋರಿಸಿ ಹತ್ತು ನಿಮಿಷ ಚರ್ಚೆ. ಮುಗಿದ ವಾರ ಎರಡನೇ ಸೆಟ್, ಮೇ ತಿಂಗಳಲ್ಲಿ ಮತ್ತೊಮ್ಮೆ. ಚಿತ್ರದ ಅಂಕ ಏರಿ ಕಾಗೆಯ ಪ್ರಶ್ನೆಯ ಅಂಕ ಅಲ್ಲೇ ನಿಂತಿದ್ದರೆ ಮುಂದಿನ ವರ್ಷ ಹಕ್ಕಿ ತೋರಿಸುವ ಸಮಯ ಸ್ವಲ್ಪ ಕಡಿಮೆ ಮಾಡಿ, ಹಿಂದಿನ ವರ್ಷ ಅದೇ ಕಾಲೇಜಿನವರು ಸಲ್ಲಿಸಿದ ಪಟ್ಟಿಗಳನ್ನು ವಿದ್ಯಾರ್ಥಿಗಳ ಮುಂದೆ ಹರಡಿ, ಯಾವ ಪಟ್ಟಿಯನ್ನು ವಿಶ್ಲೇಷಣೆಗೆ ತೆಗೆದುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂದು ಅವರೇ ಆರಿಸುವಂತೆ ಮಾಡಬೇಕು.